ಫ್ರೀಜರಿನಲ್ಲಿ ಜಾಕೆಟ್ ಟ್ರಯಲ್

ಅಮೆರಿಕದ ಐಸೆಲಿನ್‌ನಲ್ಲಿ ದೋಸೆ ಹೋಟೆಲ್ ನಡೆಸುವ ನಿತ್ಯಾನಂದನ ಹೆಂಡತಿ ಬೇಬಿಗೆ ಐವತ್ತು ದಾಟಿದ ಮೇಲೆ ನೀರಿನಡಿ ಹೋಗುವ ಹುಚ್ಚು ಹತ್ತಿತು. ಪರಿಚಯದ ಆಂಟಿಯರೆಲ್ಲ ಯೋಗಕ್ಕೆ ಸೇರಿದರೆ ಇವಳು ಸ್ಕೂಬಾ ಕ್ಲಾಸಿಗೆ ಸೇರಿದಳು. ಮಲ್ಪೆಯಲ್ಲಿ ಹುಟ್ಟಿದವಳು, ಅಪ್ಪ ಹೆಣ್ಣುಮಕ್ಕಳನ್ನು ದೋಣಿ ಹತ್ತಗೊಟ್ಟವನಲ್ಲ. ಆ ಸಿಟ್ಟು ಇನ್ನೂ ಇಳಿದಿರಲಿಲ್ಲ.

ಈಜುಕೊಳದಲ್ಲಿ ಎಲ್ಲ ಸಲೀಸಾಯಿತು. ಹಳೇ ಕಲ್ಲುಕೋರೆಯ ಕೊರೆಯುವ ನೀರಿಗೆ ಇಳಿದ ದಿನ ಮಾತ್ರ ಎಡವಟ್ಟಾಯಿತು. ಡೈವರ್‌ಗಳು ತೊಡುವ ಜಾಕೆಟ್‌ಗೆ ಬಟನ್ ಒತ್ತಿ ಗಾಳಿ ತುಂಬಿದರೆ ಮೇಲೇರಬಹುದು. ದಪ್ಪ ಗ್ಲೌಸ್ ತೊಟ್ಟ ಬೇಬಿಯ ಕೈಗೆ ಆ ಬಟನ್ನೇ ಸಿಗಲಿಲ್ಲ. ಕಲಿಸುವ ಸಿದ್ ಅವಳನ್ನು ಹಿಡಿದು ಮೇಲೆ ತಂದ. ಮನೆಯಲ್ಲಿ "ನೀರು ಸ್ವಲ್ಪ ಚಳಿ ಇತ್ತು" ಎಂದಷ್ಟೇ ಹೇಳಿದಳು. ಶನಿವಾರ ಮತ್ತೆ ಇಳಿಯಬೇಕಿತ್ತು. ಈ ಸಲವೂ ಹೆದರಿದರೆ ಇನ್ನು ಈ ಜನ್ಮದಲ್ಲಿ ನೀರಿಗಿಳಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಸ್ವಂತ ಜಾಕೆಟ್ ಕೊಳ್ಳಲು ಹೋದವಳು ಸೀರೆ ಅಂಗಡಿಗೆ ಬಂದವರಂತೆ ಮೊದಲು ಬಣ್ಣ ನೋಡಿದಳು. ಚೂಡಿದಾರದ ಮೇಲೆಯೇ ತೊಟ್ಟು, ಸೊಂಟ ಸಣ್ಣ ಕಾಣಿಸುವುದನ್ನು ಆರಿಸಿದಳು. ಯಾವುದಕ್ಕೂ ಇರಲಿ, ಆಮೇಲೆ ರಿಟರ್ನ್ ಮಾಡಿದರಾಯಿತು ಎಂದು ಇನ್ನೊಂದನ್ನೂ ತಂದಳು.

ನಿತ್ಯಾನಂದ ಎರಡನ್ನೂ ತಿರುಗಿಸಿ ನೋಡಿದ. "ಹೋಟೆಲಿನ ಫ್ರೀಜರಿಗೆ ಬಾ. ಅಲ್ಲಿ ಹಾಕಿ ನೋಡು."

"ನಿಮಗೆ ಮರ್ಲಾ? ತಲೆ ಸರಿ ಉಂಟಾ?"

"ಅಲ್ಲಿ ಚಳಿ ಉಂಟಲ್ಲ ಮಾರಾಯ್ತಿ."

ಹಾಗಾಗಿ ಬೇಬಿ ಡೈವಿಂಗ್ ಸೂಟು, ಗ್ಲೌಸು ತೊಟ್ಟು, ಆಳೆತ್ತರದ ಫ್ರೀಜರಿನೊಳಗೆ ತೆಂಗಿನತುರಿಯ ಪ್ಯಾಕೆಟ್‌ಗಳ ನಡುವೆ ನಿಂತಳು. ಚಂದದ ಜಾಕೆಟ್ಟಿನ ಬಕಲ್ ದಪ್ಪ ಸೂಟಿನ ಮೇಲೆ ಕೂರಲೇ ಇಲ್ಲ. ಇನ್ನೊಂದು ಗೋಣಿಚೀಲದ ಹಾಗಿತ್ತು. ಆದರೆ ಪಟ್ಟಿ ಸಡಿಲಿಸಬಹುದಿತ್ತು, ಬಟನ್ ಕೈತುಂಬ ಸಿಗುವಷ್ಟು ದೊಡ್ಡದಿತ್ತು.

"ಕಣ್ಣು ಮುಚ್ಚಿ ಬಟನ್ ಹುಡುಕು" ಎಂದ ನಿತ್ಯಾನಂದ.

ತಡಕಾಡಿದ ಮೇಲೆ ಸಿಕ್ಕಿತು.

"ಕೈ ಕೆಳಗೆ ಬಿಡು. ಮತ್ತೆ ಹುಡುಕು."

ಬಟಾಣಿಗೆಂದು ಬಂದ ಅಡುಗೆಯವನು ಇಬ್ಬರನ್ನೂ ನೋಡಿದ, ಬಟಾಣಿ ತೆಗೆದುಕೊಂಡು ಹೋದ.

"ಸಾಕು, ನೀವು ಸ್ವೆಟರ್ ಸಹ ಹಾಕ್ಲಿಲ್ಲ" ಎಂದಳು ಬೇಬಿ. ಗಂಡನ ಹಲ್ಲು ಕಟಕಟಿಸುತ್ತಿತ್ತು.

"ಇನ್ನೊಂದು ಸಲ. ಸಿದ್ ದೋಸೆ ತಿನ್ಲಿಕ್ಕೆ ಬಂದಿದ್ದ. ಅವತ್ತು ಆದದ್ದೆಲ್ಲ ಹೇಳಿದ."

ಬೇಬಿಗೆ ಮೊದಲು ನಾಚಿಕೆಯಾಯಿತು, ಆಮೇಲೆ ಅಳು ಬಂತು. "ಮತ್ತೆ ನೀವು ಹೋಗ್ಬೇಡ ಅಂತ ಯಾಕೆ ಹೇಳ್ಲಿಲ್ಲ?"

"ನಿನ್ನ ಅಪ್ಪ ಹೇಳಿದ್ದು ಸಾಕಾಗ್ಲಿಲ್ವಾ? ಕಣ್ಣು ಮುಚ್ಚು."

ಮುಚ್ಚಿದಳು. ಈ ಸಲ ಹುಡುಕಬೇಕಾಗಲಿಲ್ಲ, ಕೈ ನೇರ ಬಟನ್ನಿಗೇ ಹೋಯಿತು.