ಸಡಿಲ ಮಡ್‌ಗಾರ್ಡಿನ ಸದ್ದು

ಕಟ ಕಟ ಕಟ, ಕಲ್ಲು ಸಿಕ್ಕರೆ ದೊಡ್ಡದಾಗಿ ಒಂದು ಕಟಾರ್. ನನ್ನ ಸೈಕಲ್ಲಿನ ಹಿಂದಿನ ಮಡ್‌ಗಾರ್ಡಿನ ಸ್ಕ್ರೂ ಸಡಿಲವಾಗಿತ್ತು. ತೊಂಬತ್ತರ ದಶಕದ ಕೊನೆಯಲ್ಲಿ, ಅರಸೀಕೆರೆಯಲ್ಲಿ, ನನ್ನ ಭಾನುವಾರಗಳ ಮ್ಯೂಸಿಕ್ ಅಂದರೆ ಅದೇ.

ನಾನಾಗ ಐವತ್ತು ದಾಟಿದ್ದೆ. ಕಾನ್ವೆಂಟಿನಲ್ಲಿ ಓದಿ, ಇನ್ನೊಂದು ಕಾನ್ವೆಂಟಿನಲ್ಲಿ ಇಂಗ್ಲಿಷ್ ಕಲಿಸುತ್ತಿದ್ದವಳು. ಆ ಭಾನುವಾರಗಳಲ್ಲಿ ನನ್ನ ಜೊತೆ ಸೈಕಲ್ ತುಳಿಯುತ್ತಿದ್ದವಳು ಅದೇ ಶಾಲೆಯ ಗೇಮ್ಸ್ ಮಿಸ್. ಹತ್ತಿರದ ಗಂಡಸಿ ಊರಿನ ಕಡೆಯವಳು, ನನಗಿಂತ ಹದಿನೈದು ವರ್ಷ ಚಿಕ್ಕವಳು. ಮದುವೆ ಒಲ್ಲೆನೆಂದು ಅಕ್ಕನ ಮನೆ ಬಿಟ್ಟು ಬಂದು ಒಂದು ಬಾಡಿಗೆ ರೂಮು ಮಾಡಿಕೊಂಡಿದ್ದಳು. ಅವಳದು ಅಂತ ಲೋಕದಲ್ಲಿ ಇದ್ದದ್ದು ಆ ರೂಮು, ಆ ಕೆಲಸ, ಅಷ್ಟೇ. ದಪ್ಪ ಟೈರಿನ ಗೇರ್ ಸೈಕಲ್ಲುಗಳು ಆಗತಾನೇ ಊರಿಗೆ ಬಂದಿದ್ದವು. ತಾನೊಂದು ಕೊಂಡಳು, ಹಟ ಹಿಡಿದು ನನ್ನಿಂದಲೂ ಒಂದು ಕೊಳ್ಳಿಸಿದಳು.

ಜಾವಗಲ್ ರಸ್ತೆಯ ಆಚೆಗಿನ ಕಾವಲಿಗೆ ಹೋಗುತ್ತಿದ್ದೆವು. ಹಿಂದಿನ ಕಾಲದಲ್ಲಿ ಸರ್ಕಾರದ ದನಗಳಿಗೆಂದು ಬಿಟ್ಟ ಹುಲ್ಲುಗಾವಲು ಅದು. ನಾವು ಹೋಗುವ ಹೊತ್ತಿಗೆ ಹಿಂದಿನ ಕುರುಚಲು ಗುಡ್ಡಗಳೂ ಸೇರಿ ಅರಣ್ಯ ಇಲಾಖೆಯ ಮೀಸಲಾಗಿತ್ತು. ಬೆಳಿಗ್ಗೆಯಿಂದ ತುಳಿದರೂ ಮುಗಿಯದಷ್ಟು ದೊಡ್ಡದು. ಗೇಟಿನ ವಾಚರ್ ನಮ್ಮನ್ನು ಕಂಡರೆ ಹಲ್ಲು ಕಿರಿಯುತ್ತಿದ್ದ.

"ಏನ್ ಮೇಡಮ್ಮೋರೇ, ಎಲ್ರೂ ಭಾನುವಾರ ನೆಂಟರ ಮನೆಗೆ ಹೋಯ್ತಾರೆ, ನೀವು ಕರಡಿ ಮನೆಗೆ ಬತ್ತೀರಲ್ಲ?"

"ಕರಡಿನೇ ಹೇಳಿ ಕಳ್ಸೈತೆ ಕಣಣ್ಣ, ಊಟಕ್ಕೆ ಬನ್ನಿ ಅಂತ," ಅನ್ನುತ್ತಿದ್ದಳು ಅವಳು.

"ಈ ಅಮ್ಮೋರ ಸೈಕಲ್ ಸದ್ದಿಗೆ ಅದು ಆಗ್ಲೇ ಬೇಲೂರು ಸೇರ್ಕಂಡಿರ್ತೈತೆ, ಹೋಗಿ ಹೋಗಿ!"

ನನಗೆ ನಾಚಿಕೆ. ರಿಪೇರಿ ಮಾಡಿಸುತ್ತೇನೆ ಎಂದಾಗಲೆಲ್ಲ ಅವಳು, "ಇರ್ಲಿ ಬಿಡಿ ಮಿಸ್, ಅದೇ ಚೆಂದ," ಎನ್ನುತ್ತಿದ್ದಳು. ಕಾವಲಿನೊಳಗೆ ಯಾವಾಗಲೂ ನಾನೇ ಮುಂದೆ, ಅವಳು ಹಿಂದೆ. ಹಿರಿಯಳೆಂಬ ಮರ್ಯಾದೆ, ಗುಡ್ ಮ್ಯಾನರ್ಸ್ ಅಂದುಕೊಂಡಿದ್ದೆ. ಗುಡ್ಡದ ಮೇಲೆ ನಿಂತು, "ಹಳೇಬೀಡಿನ ಕಡೆ ಏನೇನ್ ಕಾಣ್ತೈತೆ, ಹೇಳಿ ಮಿಸ್," ಎಂದು ಕೇಳುತ್ತಿದ್ದಳು. ನಾನು ಕ್ಲಾಸಿನಲ್ಲಿ ಪದ್ಯ ಓದುವವಳ ಹಾಗೆ ವರ್ಣಿಸುತ್ತಿದ್ದೆ. ಮಕ್ಕಳನ್ನು ಬೇಲೂರಿಗೆ ಎಕ್ಸ್‌ಕರ್ಷನ್ ಕರೆದುಕೊಂಡು ಹೋದಾಗ ಗುಡಿಯೊಳಗಿನ ಕತ್ತಲಲ್ಲಿ ಅವಳು ನನ್ನ ಸೆರಗು ಹಿಡಿದಿದ್ದಳು. ಭಕ್ತಿ ಉಕ್ಕಿತೇನೋ ಎಂದುಕೊಂಡೆ. ಹೌ ಸ್ಟುಪಿಡ್!

ಒಂದು ಶನಿವಾರ ಪೇಟೆಯ ಹಳ್ಳಬಿದ್ದ ಬೀದಿಯಲ್ಲಿ ನನ್ನ ಸೈಕಲ್ ಕಟಗುಟ್ಟಿದಾಗ ಇಬ್ಬರು ಪೇರೆಂಟ್ಸ್ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕರು. ಲೇಡಿ ಅನ್ನಿಸಿಕೊಂಡವಳು ನಡೆದು ಬರುವುದು ಯಾರಿಗೂ ಕೇಳಿಸಬಾರದು ಎಂದು ಸಿಸ್ಟರ್‌ಗಳು ಬೆಳೆಸಿದ ಜೀವ ನನ್ನದು. ನೇರ ಸೈಕಲ್ ಶಾಪಿಗೆ ಹೋಗಿ ಸ್ಕ್ರೂ ಬಿಗಿ ಮಾಡಿಸಿ, ಒಂದು ರಬ್ಬರ್ ವಾಷರ್ ಕೂಡ ಹಾಕಿಸಿದೆ. ಸರ್ಪ್ರೈಸ್ ಇರಲಿ ಎಂದು ಅವಳಿಗೆ ಹೇಳಲಿಲ್ಲ.

ನುಣುಪು ಟಾರು ರಸ್ತೆಯಲ್ಲಿ ಅದು ಮೊದಲೂ ಸದ್ದು ಮಾಡುತ್ತಿರಲಿಲ್ಲ, ಹಾಗಾಗಿ ಮರುದಿನ ಗೇಟಿನವರೆಗೆ ಅವಳಿಗೆ ಗೊತ್ತಾಗಲಿಲ್ಲ. ಕಾವಲಿನ ಕಾಲುದಾರಿಗೆ ಇಳಿದೆವು. ಆಹಾ, ಎಂಥ ನಿಶ್ಶಬ್ದ! ಒಣಹುಲ್ಲಿನ ಮೇಲೆ ಗಾಳಿ ಹಾಯುವುದು ಮೊದಲ ಸಲ ಕೇಳಿಸಿತು.

"ಮಿಸ್, ಏನಾದ್ರೂ ಮಾತಾಡ್ತಾ ಹೋಗಿ."

"ಉಸಿರೇ ಸಾಲ್ದು ಕಣೇ. ಸುಮ್ನೆ ಎಂಜಾಯ್ ಮಾಡು."

ಸ್ವಲ್ಪ ಹೊತ್ತಿಗೆ ಮತ್ತೆ, "ಮಿಸ್?" ಅಂದಳು. ನಾನು ಓಗೊಡಲಿಲ್ಲ. ಆ ಮೌನ ಅಷ್ಟು ಹಿತವಾಗಿತ್ತು.

ದನಗಳು ನುಗ್ಗದಂತೆ ಇಲಾಖೆಯವರು ತೋಡಿಸಿದ ಆಳದ ಟ್ರೆಂಚಿನ ಹತ್ತಿರ ದಾರಿ ಬಲಕ್ಕೆ ಹೊರಳುತ್ತದೆ. ನಾನು ಹೊರಳಿದೆ. ಅವಳು ನೇರ ಹೋದಳು.

ಮುಂಗೈ ಮುರಿದಿತ್ತು. ಅದನ್ನು ಮಡಿಲಲ್ಲಿಟ್ಟುಕೊಂಡು ಆ ಮಣ್ಣಿನಲ್ಲೇ ಕೂತು ಎಲ್ಲ ಹೇಳಿದಳು. ಸುತ್ತಲಿನದೆಲ್ಲ ಮುಚ್ಚುತ್ತ ಬಂದು, ಈಗ ಕೊಳವೆಯೊಳಗಿಂದ ನೋಡಿದಷ್ಟೇ ಕಾಣುತ್ತಿತ್ತಂತೆ. ಇದಕ್ಕೆ ಮದ್ದಿಲ್ಲ, ಕಣ್ಣು ಪೂರ್ತಿ ಹೋಗುತ್ತದೆ ಎಂದಿದ್ದರಂತೆ ಮೈಸೂರಿನ ಡಾಕ್ಟರು.

"ನಿಮ್ ಸದ್ದು ಹಿಡ್ಕೊಂಡು ಬತ್ತಿದ್ದೆ ಮಿಸ್. ಎಲ್ಲಿ ಕಲ್ಲೈತೆ, ಎಲ್ಲಿ ತಿರುವೈತೆ, ಎಲ್ಲಾ ಅದೇ ಹೇಳ್ತಿತ್ತು." ಆಮೇಲೆ ನನ್ನ ಕೈ ಹಿಡಿದುಕೊಂಡಳು. "ಸ್ಕೂಲಲ್ಲಿ ಹೇಳ್ಬೇಡಿ. ಇದೊಂದ್ ವರ್ಷ ಸಾಕು. ಗೊತ್ತಾದ್ರೆ ಅಕ್ಕ ಬಂದು ಕರ್ಕೊಂಡೋಗ್ತಾಳೆ. ಆಮೇಲೆ ನಾನು ಜಗಲಿ ಬಿಟ್ಟು ಇಳಿಯಕ್ಕಿಲ್ಲ."

ನಾನು ಆಗಲಿ ಎಂಬಂತೆ ತಲೆಯಾಡಿಸಿದೆ.

ಬುಧವಾರ ನಾನೇ ಹೆಡ್‌ಮಿಸ್ಟ್ರೆಸ್ ರೂಮಿನ ಬಾಗಿಲು ತಟ್ಟಿದೆ. ಮಕ್ಕಳ ಸೇಫ್ಟಿ, ನನ್ನ ಡ್ಯೂಟಿ, ಎಲ್ಲ ಹೇಳಿದೆ. ಅದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೆ ಹೇಳುವ ಮೊದಲು ಅವಳೊಡನೆ ಒಂದು ಮಾತು ಆಡಬಹುದಿತ್ತು, ಆಡಲಿಲ್ಲ. ತಲೆಯಾಡಿಸಿದ್ದು ಪ್ರಾಮಿಸ್ ಅಲ್ಲ, ಅವಳಿಗೆ ಅದು ಕಂಡಿರಲಿಕ್ಕೂ ಇಲ್ಲ ಎಂದು ನನ್ನನ್ನು ನಾನೇ ಸಮಾಧಾನ ಮಾಡಿಕೊಂಡೆ. ಅದಕ್ಕಿಂತ ಹೇಸಿಗೆಯ ಯೋಚನೆ ನನ್ನ ತಲೆಯಲ್ಲಿ ಎಂದೂ ಹುಟ್ಟಿಲ್ಲ. ತಿಂಗಳೊಳಗೆ ಅಕ್ಕ, ಭಾವ ಬಂದು ರೂಮು ಖಾಲಿ ಮಾಡಿಸಿದರು. ನನ್ನನ್ನು ಅವಳು ಒಂದು ಮಾತೂ ಅನ್ನಲಿಲ್ಲ.

ಗಂಡಸಿಯ ಅವಳ ಅಕ್ಕನ ಮನೆಗೆ ಹೋಗಲು ನನಗೆ ಎರಡು ವರ್ಷ ಬೇಕಾಯಿತು. ಒಂದು ಬೆಳಿಗ್ಗೆ ಅಡುಗೆಮನೆಯ ಚಾಕುವಿನಿಂದ ಸ್ಕ್ರೂ ಸಡಿಲಿಸಿ, ವಾಷರ್ ಕಿತ್ತೆಸೆದು, ಸೈಕಲ್ ತುಳಿದುಕೊಂಡೇ ಹೋದೆ. ಅಕ್ಕನ ಮನೆ ರಸ್ತೆ ಬಿಟ್ಟು ಒಳಗೆ, ತೆಂಗಿನ ತೋಟದ ಮಣ್ಣುದಾರಿಯ ಕೊನೆಯಲ್ಲಿ. ನಾನಿನ್ನೂ ದೂರವಿರುವಾಗಲೇ ಅವಳು ಜಗಲಿಯಲ್ಲಿ ಎದ್ದು ನಿಂತಿದ್ದಳು.

"ರಿಪೇರಿ ಕೆಟ್ಟೋಯ್ತಾ ಮಿಸ್?"

"ನಾನೇ ಬಿಚ್ಚಿದೆ ಕಣೇ."

"ಈಗ್ಯಾಕೆ?"

ಸಾರಿ ಎಂಬ ಒಂದು ಪದ. ಮೂವತ್ತು ವರ್ಷ ಇಂಗ್ಲಿಷ್ ಕಲಿಸಿದವಳ ಬಾಯಿಗೆ ಅದು ಬರಲಿಲ್ಲ. ಅಕ್ಕ ಎಳನೀರು ತಂದುಕೊಟ್ಟು, "ಇವಳಿಗೇನು ಮಿಸ್ಸಮ್ಮ, ಮಹಾರಾಣಿ! ಕುಂತಲ್ಲಿಗೇ ಊಟ," ಎಂದಳು, ಪ್ರೀತಿಯಿಂದಲೇ. ಅವಳು ನಗಲಿಲ್ಲ. ಗೇಮ್ಸ್ ಮಿಸ್ಸಿನ ಆ ಗಟ್ಟಿ ಕಾಲುಗಳು ಸೊರಗಿದ್ದವು.

ಹೊರಟಾಗ ಅಂಗಳದ ತುದಿಯ ತೆಂಗಿನ ಮರದವರೆಗೆ ಕೈಯಾಡಿಸುತ್ತ ಬಂದಳು. "ಹೋಗಿ ಮಿಸ್. ಕೇಳುಸ್ಕೊಂತಿರ್ತೀನಿ."

ಮಣ್ಣುದಾರಿಯುದ್ದಕ್ಕೂ ಬೇಕೆಂದೇ ಕಲ್ಲುಗಳ ಮೇಲೆ ಸೈಕಲ್ ಹತ್ತಿಸಿದೆ. ಕಟ ಕಟ ಕಟ. ಆಮೇಲೆ ಟಾರು ರಸ್ತೆ ಬಂತು, ಸದ್ದು ನಿಂತುಹೋಯಿತು. ತಿರುಗಿ ನೋಡಿದೆ. ಅವಳು ಮರಕ್ಕೆ ಕೈಯಾನಿಸಿ, ತಲೆ ಒಂದು ಕಡೆ ವಾಲಿಸಿ, ಇನ್ನೂ ಕಿವಿಗೊಟ್ಟು ನಿಂತಿದ್ದಳು. ಕೂಗಿದ್ದರೆ ಕೇಳುವಷ್ಟು ಹತ್ತಿರ. ನಾನು ಕೂಗಲಿಲ್ಲ, ಪೆಡಲ್ ತುಳಿದೆ. ಅವಳನ್ನು ನೋಡಿದ್ದು ಅದೇ ಕೊನೆ.