ಜೇಕು ಹಿಡಿಯುವ ಅಳಿಯ
ಮೂಲೆಮನೆಯ ಅಳಿಯನಿಗೆ ಹುಲ್ಲುಹಾಸಿನಲ್ಲಿ ಒಂದು ಜೇಕು ಕಳೆ ಕಂಡರೆ ಸಾಕು, ಬಾಯಿಗಿಟ್ಟ ಲೋಟ ಕೆಳಗಿಟ್ಟು ಓಡುತ್ತಾನೆ. ದಾರಿಹೋಕರನ್ನೂ ಕರೆದು, ‘ಕಾಂಡ ಬೆರಳಲ್ಲಿ ಉರುಳಿಸಿ ನೋಡಿ ಸಾರ್, ಮೂರು ಮೂಲೆ! ಹುಲ್ಲಾಗಿದ್ರೆ ದುಂಡಗಿರ್ತಿತ್ತು. ಸಿಕ್ಕಿಬಿದ್ದ ಕಳ್ಳ!’ ಎಂದು ಕುಣಿಯುತ್ತಾನೆ. ಬರೀ ಎಳೆದರೆ ಗಡ್ಡೆ ಮಣ್ಣಲ್ಲೇ ಉಳಿದು ಒಂದು ಹತ್ತಾಗುತ್ತದೆಂದು, ಸ್ಕ್ರೂಡ್ರೈವರಿನಿಂದ ಸುತ್ತ ಬಿಡಿಸಿ, ಹಲ್ಲು ಕಿತ್ತ ಡಾಕ್ಟರಂತೆ ಎತ್ತಿ ತೋರಿಸುತ್ತಾನೆ. ಇಂಥವನಿಗೆ ಕಳೆನಾಶಕ ಮಾರಲು ಹೋದ ಅಂಗಡಿಯವನು ಕಾಂಡ-ಗಡ್ಡೆಯ ಪಾಠ ಕೇಳಿಯೇ ಸುಸ್ತಾದ. ‘ನೀರು ಕಮ್ಮಿ ಮಾಡಿದ್ರೆ ಅದರ ಸೊಕ್ಕು ಇಳಿಯುತ್ತೆ. ಮೊದಲು ಅಪ್ಪನ ಕೈಯಿಂದ ಆ ಪೈಪು ಕಿತ್ಕೊಳ್ರೀ!’ ಎಂದು ಹೆಂಡತಿ ರೇಗುತ್ತಾಳೆ. ಅಗ್ನಿಶಾಮಕ ದಳದಿಂದ ನಿವೃತ್ತರಾದ ಮಾವ ದಿನಕ್ಕೆರಡು ಸಲ ಅಂಗಳವನ್ನು ಕೆರೆ ಮಾಡುತ್ತಾರೆ. ಅಳಿಯ ದನಿ ತಗ್ಗಿಸುತ್ತಾನೆ: ‘ಸುಮ್ನಿರೇ. ತುತ್ತು ಬಾಯಿ ಮುಟ್ಟೋದ್ರೊಳಗೆ ಅರ್ಧ ಚೆಲ್ಲುವಷ್ಟು ನಡುಗೋ ಅವರ ಕೈ, ಪೈಪು ಹಿಡಿದಾಗ ಒಂಚೂರೂ ನಡುಗಲ್ಲ, ನೋಡು.’