ಅಕ್ಕಿ ಚೀಲದ ಕೆಳಗಿಟ್ಟ ಪುಸ್ತಕ

“ಇದೇನೋ ತಮ್ಮಾ, ಖಾಲಿ ಹಾಳಿ ತಂದೀಯಲ್ಲ!” ಎಂದು ಅಕ್ಕ ಕೇಳಿದಾಗ ಚಾಷ್ಟಿ ಮಾಡಿ ನಗಿಸುತ್ತಿದ್ದಾಳೆ ಎಂದುಕೊಂಡೆ. ಹುಟ್ಟಿನಿಂದ ಕಣ್ಣಿಲ್ಲದ ಅವಳ ಬೆರಳುಗಳು ಪುಟದ ಮೇಲೆ ಮತ್ತೆ ಮತ್ತೆ ಹುಡುಕುತ್ತಿದ್ದವು.

ಅದು ಹೈದರಾಬಾದಿನ ಕೋಠಿ ಹತ್ತಿರದ ಗ್ರಂಥಾಲಯದ ಬ್ರೈಲ್ ಪುಸ್ತಕ. ಕನ್ನಡದ್ದು ಅಲ್ಲಿ ಅದೊಂದೇ ಇತ್ತು. ಅದಕ್ಕಾಗಿ ಅವಳು ಆರು ತಿಂಗಳು ಕಾದಿದ್ದಳು. ತಂದ ದಿನವೇ ಅವಳಿಗೆ ಜ್ವರ ಬಂತು, ಪುಸ್ತಕ ಮುಟ್ಟಲಾಗಲಿಲ್ಲ. ನಮ್ಮದು ಒಂದೇ ಕೋಣೆಯ ಮನೆ. ದಿಂಬಿನಂತೆ ಉಬ್ಬಿದ ಆ ಪುಸ್ತಕ ಎಲ್ಲಿಟ್ಟರೂ ಅಡ್ಡವಾಗುತ್ತಿತ್ತು. ನಾಲ್ಕನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಚಪ್ಪಟೆಯಾಗಲಿ ಎಂದು ಅದನ್ನು ಹದಿನೈದು ದಿನ ಅಕ್ಕಿ ಚೀಲದ ಕೆಳಗಿಟ್ಟೆ. ಉಬ್ಬಿದ ಚುಕ್ಕಿಗಳೇ ಅವಳ ಅಕ್ಷರ ಎಂದು ಗೊತ್ತಿತ್ತು. ಭಾರಕ್ಕೆ ಅವು ಅಳಿಯುತ್ತವೆ ಎಂದು ಹೊಳೆಯಲಿಲ್ಲ.

ತಪ್ಪು ಒಪ್ಪಿಕೊಳ್ಳಬೇಕಿತ್ತು. “ಅವರು ಹಳೇದು ಕೊಟ್ಟಾರಕ್ಕಾ, ಸವದು ಹೋಗೈತಿ” ಎಂದುಬಿಟ್ಟೆ.

ಅಕ್ಕ ಪುಸ್ತಕ ಮುಚ್ಚಿದಳು. “ನಮ್ಮಂಥವರಿಗೆ ಇಷ್ಟ ಸಾಕು ಅಂದಕೊಂಡಾರ. ಬಿಡು, ಇನ್ನ ಅಲ್ಲಿಗೆ ಹೋಗಬ್ಯಾಡ.”

ಆಮೇಲೆ ಅವಳು ಪುಸ್ತಕ ಕೇಳಿಲ್ಲ, ನಾನು ನಿಜ ಹೇಳಿಲ್ಲ. ಈ ಪತ್ರಿಕೆಯನ್ನು ಅವಳು ಓದಲಾರಳು ಎಂಬ ಧೈರ್ಯದಿಂದಲೇ ಇಲ್ಲಿ ಬರೆಯುತ್ತಿದ್ದೇನೆ.